ಮಳೆಗಾಲದ ಮಣ್ಣು, ಮಂಡಿಯ ಬಾವು



ಆಗಸ್ಟ್ ತಿಂಗಳ ಕೊನೆ ಬಂತೆಂದರೆ ನಮ್ಮ ಸೆಂಟರ್‌ವಿಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಊರಿಂದ ಯಾವಾಗ ಬಂದ್ರಿ? ಮಳೆ ಹೇಗಿತ್ತು?" ಮಕ್ಕಳಿಗೆ ರಜೆ ಸಿಗುವುದು ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ. ಹಾಗಾಗಿ ನಾವು ಊರಿಗೆ ಹೋಗುವುದೂ ಸರಿಯಾಗಿ ಮುಂಗಾರಿನ ಹೊತ್ತಿಗೇ. ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡಿನ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಸುರಿಯುವುದು ಆ ನಾಲ್ಕು ತಿಂಗಳಲ್ಲೇ. ಅಂಗಳವೆಲ್ಲ ಪಾಚಿ, ಗದ್ದೆಯೆಲ್ಲ ಕೆಸರು. ಆಟಿ ತಿಂಗಳಲ್ಲಿ ಊರೂರಲ್ಲಿ "ಕೆಸರ್‌ಡ್ ಒಂಜಿ ದಿನ" ಎಂದು ಕೆಸರುಗದ್ದೆಯ ಆಟಗಳು ನಡೆಯುತ್ತವೆ. ಅಮೆರಿಕದಲ್ಲಿ ಹುಟ್ಟಿದ ನಮ್ಮ ಮಕ್ಕಳು ಅದರಲ್ಲಿ ಬಿದ್ದು ಹೊರಳಾಡಿದ ಫೋಟೋಗಳನ್ನು ನಾವೆಲ್ಲ ಹೆಮ್ಮೆಯಿಂದ ಹಂಚಿಕೊಂಡವರೇ.

ಈ ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಕೊಲೆಸ್ಟರಾಲ್ ಮತ್ತು ಯೋಗಾಸನದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬೇರೆ ಏನಾದರೂ ಬರೆಯುತ್ತೇನೆ ಎಂದೆ. ನಾನು ಡಾಕ್ಟರಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲವು ವರ್ಷ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳನ್ನು ನೋಡುತ್ತಾ ಕೂತವನು. ಆದ್ದರಿಂದ ಲ್ಯಾಬಿನ ಕಡೆಯಿಂದಲೇ ಕಾಣುವ ಒಂದು ಕಾಯಿಲೆಯ ವಿಷಯ ಹೇಳುತ್ತೇನೆ. ಅದರ ಹೆಸರು ಮೆಲಿಯಾಯ್ಡೋಸಿಸ್. ಹೆಸರು ಬಾಯಲ್ಲಿ ತಿರುಗುವುದು ಕಷ್ಟ, ಆದರೂ ದಯವಿಟ್ಟು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಒಂದು ಕಥೆ ಕಟ್ಟಿಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಡಾಕ್ಟರುಗಳ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಸೇರಿಸಿ ನಾನೇ ಹೆಣೆದದ್ದು. ನಮ್ಮ ಭಾವನವರಿಗೆ ಐವತ್ತೆರಡು ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಜುಲೈಯಲ್ಲಿ ಊರಿಗೆ ಹೋದರು, ಮನೆಯ ಹಿಂದಿನ ತೋಡಿನ ಕಟ್ಟೆ ಸರಿಮಾಡಲು ಬರಿಗಾಲಲ್ಲಿ ಇಳಿದರು, ಕಾಲಿಗೆ ಸಣ್ಣ ಗಾಯವಾಯಿತು, ಅರಸಿನ ಹಚ್ಚಿ ಮರೆತುಬಿಟ್ಟರು. ಸೆಂಟರ್‌ವಿಲ್‌ಗೆ ವಾಪಸಾದ ವಾರದಲ್ಲಿ ಜ್ವರ. ಜೆಟ್ ಲ್ಯಾಗ್ ಇರಬೇಕು ಎಂದುಕೊಂಡರು. ಮೂರನೆಯ ದಿನ ಬಲ ಮಂಡಿ ಊದಿತು, ಮುಟ್ಟಿದರೆ ಬಿಸಿ, ಕಾಲು ಊರಲಾಗದು.

"ಟಿಕ್ ಕಚ್ಚಿರ್ಬೇಕು ಭಾವ, ಲೈಮ್ ಟೆಸ್ಟ್ ಮಾಡಿಸಿ" ಎಂದು ಫೋನಿನಲ್ಲಿ ಹೇಳುವವರು ಮೊದಲು ನಾವೇ.

ಹಾಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಜಿಂಕೆಗಳು ಹಿತ್ತಿಲಿನ ಟೊಮೇಟೊ ತಿನ್ನಲು ಬರುತ್ತವೆ, ಬುಲ್ ರನ್ ಪಾರ್ಕಿನ ಕಾಡುದಾರಿಯಲ್ಲಿ ನಡೆದು ಬಂದರೆ ಸಾಕ್ಸಿನ ಮೇಲೆ ಉಣ್ಣೆ ಹುಡುಕುವುದು ನಮಗೆಲ್ಲ ಅಭ್ಯಾಸ. ಲೈಮ್ ಕೂಡ ಬ್ಯಾಕ್ಟೀರಿಯಾದಿಂದಲೇ ಬರುವ ಕೀಲಿನ ಕಾಯಿಲೆ. ಅದು ಗೊತ್ತಾದದ್ದೇ ಒಬ್ಬ ತಾಯಿಯ ಹಟದಿಂದ. 1975ರಲ್ಲಿ ಕನೆಕ್ಟಿಕಟ್‌ನ ಲೈಮ್ ಊರಿನ ಪಾಲಿ ಮರ್ರೆ ಎಂಬಾಕೆ, ನಮ್ಮ ಸುತ್ತಮುತ್ತ ಇಷ್ಟೊಂದು ಮಕ್ಕಳಿಗೆ ಮಂಡಿ ಊದುವುದು ಹೇಗೆ ಎಂದು ಆರೋಗ್ಯ ಇಲಾಖೆಯವರನ್ನು ಬಿಡದೆ ಕೇಳಿದರು. ಯೇಲ್‌ನ ಅಲೆನ್ ಸ್ಟೀರ್ ಅದನ್ನು ಹಿಂಬಾಲಿಸಿದರು, 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಉಣ್ಣೆಯೊಳಗಿನ ರೋಗಾಣುವನ್ನು ತೋರಿಸಿಕೊಟ್ಟರು. ಈಗ ಲೈಮ್ ಮಂಡಿಗೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ, ಹೆಚ್ಚಿನವರು ಗುಣವಾಗುತ್ತಾರೆ.

ಆದರೆ ಲೈಮ್ ಮಂಡಿಯ ಸ್ವಭಾವ ಬೇರೆ. ಅದು ಕಚ್ಚಿಸಿಕೊಂಡು ತಿಂಗಳುಗಳಾದ ಮೇಲೆ ಬರುತ್ತದೆ, ಮಂಡಿ ಕುಂಬಳಕಾಯಿಯಂತೆ ಊದಿದರೂ ನೋವು ಅಷ್ಟಾಗಿ ಇರುವುದಿಲ್ಲ, ಮನುಷ್ಯ ಕುಂಟುತ್ತಾ ಓಡಾಡುತ್ತಿರುತ್ತಾನೆ, ಜ್ವರ ಇದ್ದರೂ ಅಷ್ಟಕ್ಕಷ್ಟೇ. ಕಾಲು ಊರಲಾಗದಷ್ಟು ನೋವು, ಚಳಿಜ್ವರ, ಒಂದೆರಡು ದಿನದಲ್ಲೇ ಏರಿದ ಬಾವು ಎಂದರೆ ಕೀಲಿನೊಳಗೆ ಕೀವು ತುಂಬುತ್ತಿರಬಹುದು. ಅದು ಸೋಮವಾರ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ತೋರಿಸುವ ವಿಷಯವಲ್ಲ. ಅಂದೇ ಎಮರ್ಜೆನ್ಸಿ ರೂಮಿಗೆ ಹೋಗಬೇಕು. ಇನ್ನೊಂದು ಮಾತು: ಲೈಮ್‌ನ ರಕ್ತಪರೀಕ್ಷೆ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ಹಿಂದೆಂದೋ ಲೈಮ್ ಬಂದು ಹೋದವರಲ್ಲಿ ಅದು ವರ್ಷಗಟ್ಟಲೆ ಪಾಸಿಟಿವ್ ಬರಬಹುದು. ಆದ್ದರಿಂದ ಲೈಮ್ ಪಾಸಿಟಿವ್ ಎಂದ ಮಾತ್ರಕ್ಕೆ ಇವತ್ತಿನ ಬಾವು ಲೈಮ್‌ನದ್ದೇ ಎಂದು ಹೇಳಲಾಗುವುದಿಲ್ಲ. ಅದರಲ್ಲೂ ಡಾಕ್ಸಿಸೈಕ್ಲಿನ್ ಮಾತ್ರೆ ಮೆಲಿಯಾಯ್ಡೋಸಿಸ್‌ನ ರೋಗಾಣುವನ್ನು ಸ್ವಲ್ಪ ಮಟ್ಟಿಗೆ ತಡೆಯಬಲ್ಲದು, ಕೊಲ್ಲಲಾರದು. ಹಾಗಾಗಿ ನಾಲ್ಕು ದಿನ ಸುಧಾರಿಸಿದಂತೆ ಕಂಡು ಮತ್ತೆ ಏಳುವ ಸಾಧ್ಯತೆ ಇದೆ.

ಕೀಲಿನೊಳಗೆ ಏನಾಗುತ್ತದೆ ಎನ್ನುವುದನ್ನೂ ಸ್ವಲ್ಪ ನೋಡೋಣ. ಮೂಳೆಯ ತುದಿಗಳ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ಸುತ್ತ ಒಂದು ತೆಳು ಪೊರೆ, ನಡುವೆ ಎಣ್ಣೆಯಂಥ ಸ್ವಲ್ಪ ದ್ರವ. ಈ ಪೊರೆಗೆ ರಕ್ತ ಚೆನ್ನಾಗಿ ಹರಿದು ಬರುತ್ತದೆ, ಆದರೆ ರೋಗಾಣುಗಳನ್ನು ತಡೆಯುವ ಗಟ್ಟಿ ಗೋಡೆ ಅದಕ್ಕಿಲ್ಲ. ರಕ್ತದಲ್ಲಿ ತೇಲಿ ಬಂದ ಬ್ಯಾಕ್ಟೀರಿಯಾ ಅಲ್ಲಿ ಇಳಿದರೆ, ಅದನ್ನು ಹೊಡೆಯಲು ಬಿಳಿ ರಕ್ತಕಣಗಳು ನುಗ್ಗುತ್ತವೆ. ಈ ಜಗಳದಲ್ಲಿ ಹೊರಬರುವ ಕಿಣ್ವಗಳು ಮೃದ್ವಸ್ಥಿಯನ್ನೇ ತಿಂದು ಹಾಕುತ್ತವೆ. ಇದು ದಿನಗಳ ಲೆಕ್ಕ, ತಿಂಗಳುಗಳದ್ದಲ್ಲ. ಒಮ್ಮೆ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಅವಸರ ಮಾಡಬೇಕಾದದ್ದು ಇದಕ್ಕಾಗಿ.

ಆಸ್ಪತ್ರೆಯಲ್ಲಿ ಮೊದಲು ಮಾಡಬೇಕಾದದ್ದು ಸೂಜಿ ಹಾಕಿ ಕೀಲಿನ ದ್ರವ ತೆಗೆಯುವುದು. ನಮ್ಮವರು ಹಲವರು ಇದಕ್ಕೆ ಹೆದರಿ "ಮೊದಲು ಮಾತ್ರೆ ಕೊಡಿ ನೋಡೋಣ" ಎನ್ನುತ್ತಾರೆ. ಹಾಗೆ ಮಾಡಬೇಡಿ. ಆರೋಗ್ಯವಂತರ ಕೀಲಿನ ದ್ರವದ ಒಂದು ಮೈಕ್ರೋಲೀಟರ್‌ನಲ್ಲಿ ಬಿಳಿ ಕಣಗಳು 200ಕ್ಕಿಂತ ಕಡಿಮೆ. ಕೀವು ತುಂಬಿದ ಕೀಲಿನಲ್ಲಿ ಅದು ಎಷ್ಟೋ ಸಲ 50,000 ದಾಟುತ್ತದೆ. ಅದೇ ದ್ರವದಲ್ಲಿ ಯೂರಿಕ್ ಆಮ್ಲದ ಹರಳು ಇದೆಯೇ ಎಂದೂ ನೋಡುತ್ತಾರೆ, ಯಾಕೆಂದರೆ ಗೌಟ್ ಕೂಡ ಹೀಗೇ ಕೆಂಪಗೆ ಊದಿಸುತ್ತದೆ. ಆಂಟಿಬಯೋಟಿಕ್ ಶುರುವಾಗುವ ಮೊದಲು ದ್ರವ ಮತ್ತು ರಕ್ತ ಎರಡನ್ನೂ ಕಲ್ಚರಿಗೆ ಕಳಿಸಿದರೆ ರೋಗಾಣು ಸಿಗುವ ಸಂಭವ ಹೆಚ್ಚು. ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಯೋಚನೆಯಿದ್ದರೆ, ಸೋಂಕಿಲ್ಲ ಎಂದು ಖಚಿತವಾಗುವವರೆಗೆ ಅದು ಬೇಡವೇ ಬೇಡ.

ಇಲ್ಲಿಯವರೆಗಿನದ್ದು ಎಲ್ಲ ಕೀಲಿನ ಸೋಂಕಿಗೂ ಒಂದೇ. ಹೆಚ್ಚಿನ ಸಲ ಸಿಗುವುದು ಸ್ಟ್ಯಾಫಿಲೋಕಾಕಸ್ ಎಂಬ ಚರ್ಮದ ಮೇಲಿನ ಬ್ಯಾಕ್ಟೀರಿಯಾ, ಅದಕ್ಕೆ ಇಲ್ಲಿನ ಡಾಕ್ಟರುಗಳ ಕೈಯಲ್ಲಿ ಒಳ್ಳೆಯ ಮದ್ದಿದೆ. ನಮ್ಮ ಭಾವನವರ ವಿಷಯ ಬೇರೆಯಾಗುವುದು ಇಲ್ಲಿಂದ ಮುಂದೆ.

ಮೆಲಿಯಾಯ್ಡೋಸಿಸ್ ತರುವ ರೋಗಾಣುವಿನ ಪೂರ್ತಿ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ. ಅದರ ಮನೆ ಮಣ್ಣು ಮತ್ತು ಕೆಸರುನೀರು. 1911ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ವಿಟ್‌ಮೋರ್ ಎಂಬ ಇಂಗ್ಲಿಷ್ ಡಾಕ್ಟರು ಮತ್ತು ಅವರ ಜೊತೆಗಾರ ಸಿ. ಎಸ್. ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿದರು. ಕಾಯಿಲೆಗೆ "ವಿಟ್‌ಮೋರ್ ರೋಗ" ಎಂಬ ಹೆಸರೂ ಬಂತು. ಕೃಷ್ಣಸ್ವಾಮಿಯವರ ಹೆಸರು ಎಲ್ಲೂ ಸೇರಲಿಲ್ಲ ಎನ್ನುವುದು ನನ್ನ ಸಣ್ಣ ಅಸಮಾಧಾನ. ಥಾಯ್ಲೆಂಡ್‌ನ ಈಶಾನ್ಯ ಭಾಗದ ಭತ್ತದ ಗದ್ದೆಗಳಲ್ಲಿ, ಆಸ್ಟ್ರೇಲಿಯಾದ ಡಾರ್ವಿನ್ ಸುತ್ತಮುತ್ತ ಇದು ಬಹಳ ಕಾಲದಿಂದ ಗೊತ್ತಿರುವ ಕಾಯಿಲೆ. ನಮ್ಮ ಕಡೆ ಇದನ್ನು ಹುಡುಕುವವರೇ ಇರಲಿಲ್ಲ, ಹಾಗಾಗಿ ಇಲ್ಲ ಎಂದೇ ಎಲ್ಲರೂ ಎಣಿಸಿದ್ದರು. ಹುಡುಕತೊಡಗಿದ ಮೇಲೆ ಸಿಕ್ಕಿತು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಚಿರಂಜಯ್ ಮುಖೋಪಾಧ್ಯಾಯ ಮತ್ತು ಅವರ ಸಂಗಡಿಗರು ಕರಾವಳಿಯ ರೋಗಿಗಳಲ್ಲಿ ಇದನ್ನು ವರ್ಷವರ್ಷವೂ ಗುರುತಿಸುತ್ತಾ ಬಂದಿದ್ದಾರೆ. ಹೆಚ್ಚಿನವರು ಬರುವುದು ಮಳೆಗಾಲದ ತಿಂಗಳುಗಳಲ್ಲಿ, ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 1,65,000 ಜನರಿಗೆ ಇದು ತಗಲುತ್ತದೆ, 89,000 ಜನ ಸಾಯುತ್ತಾರೆ. ಅದರಲ್ಲಿ ದೊಡ್ಡ ಪಾಲು ದಕ್ಷಿಣ ಏಷ್ಯಾದ್ದು.

ಬರಿಗಾಲಿನ ಗಾಯದಿಂದ, ಮಳೆಗಾಳಿಯಲ್ಲಿ ಎದ್ದ ತುಂತುರನ್ನು ಉಸಿರಾಡುವುದರಿಂದ, ಶುದ್ಧವಲ್ಲದ ನೀರು ಕುಡಿಯುವುದರಿಂದ, ಹೀಗೆ ಮೂರು ದಾರಿಯಲ್ಲಿ ಇದು ದೇಹ ಸೇರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ, ಆದ್ದರಿಂದ ಭಾವನವರನ್ನು ನೋಡಲು ಹೋಗಲು ಹೆದರಬೇಕಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಸುಮ್ಮನೆ ಒಳಗೇ ಕೂತಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿದ್ದ ಅಮೆರಿಕದ ಸೈನಿಕರೊಬ್ಬರಿಗೆ 62 ವರ್ಷಗಳ ನಂತರ ಇದು ಕಾಣಿಸಿಕೊಂಡದ್ದು ದಾಖಲಾಗಿದೆ. ಇದನ್ನು ಓದಿ ನಿದ್ದೆಗೆಡಬೇಡಿ, ಅಂಥದ್ದು ಬಲು ವಿರಳ.

ಹೆಚ್ಚಾಗಿ ಇದು ಶ್ವಾಸಕೋಶ ಹಿಡಿಯುತ್ತದೆ, ನ್ಯುಮೋನಿಯಾದಂತೆ ಕಾಣುತ್ತದೆ. ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ, ಗುಲ್ಮದಲ್ಲಿ, ಗಂಡಸರ ಪ್ರಾಸ್ಟೇಟಿನಲ್ಲಿ ಕೀವುಗಂಟು ಮಾಡುತ್ತದೆ. ಕೀಲು ಮತ್ತು ಮೂಳೆಗೆ ಬರುವುದು ಕಡಿಮೆ ಜನರಿಗೆ, ಬಂದಾಗ ಹೆಚ್ಚಾಗಿ ಮಂಡಿಯಂಥ ದೊಡ್ಡ ಕೀಲಿಗೆ. ನಿಧಾನವಾಗಿ ಬೆಳೆದರೆ ತೂಕ ಇಳಿಯುವುದು, ಸಂಜೆ ಜ್ವರ, ಕೆಮ್ಮು ಎಲ್ಲ ಸೇರಿ ಥೇಟ್ ಕ್ಷಯದಂತೆಯೇ ಇರುತ್ತದೆ. ಊರಿನಲ್ಲಿ ಹೀಗೆ ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಗುಣವಾಗದೆ, ಕೊನೆಗೆ ಮೆಲಿಯಾಯ್ಡೋಸಿಸ್ ಎಂದು ತಿಳಿದವರ ವರದಿಗಳು ಹಲವಿವೆ. ಹಸಿ ಹಾಲು ಕುಡಿಯುವುದರಿಂದ ಬರುವ ಬ್ರುಸೆಲ್ಲೋಸಿಸ್ ಕೂಡ ಕೀಲು ಮತ್ತು ಬೆನ್ನುಮೂಳೆ ಹಿಡಿಯುತ್ತದೆ. ಊರಿನಲ್ಲಿ ಕೊಟ್ಟಿಗೆಯಿಂದ ನೇರ ಹಾಲು ಕುಡಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಈಗ ಲ್ಯಾಬಿನೊಳಕ್ಕೆ ಬನ್ನಿ. ಭಾವನವರ ಮಂಡಿಯ ದ್ರವ ತಟ್ಟೆಯ ಮೇಲೆ ಹರಡಿದೆ. ಮರುದಿನ ಸಣ್ಣ ಸಣ್ಣ ಕಾಲೊನಿಗಳು, ನೋಡಲು ಏನೂ ವಿಶೇಷವಿಲ್ಲ. ಸೂಕ್ಷ್ಮದರ್ಶಕದಲ್ಲಿ ಎರಡು ತುದಿಯಲ್ಲಿ ಬಣ್ಣ ಹಿಡಿದು ನಡುವೆ ಖಾಲಿ ಇರುವ ಕಡ್ಡಿಗಳು, ಸೇಫ್ಟಿ ಪಿನ್ನಿನ ಹಾಗೆ. ಹುಡುಕುವವನಿಗೆ ಅದು ಸುಳಿವು, ಹುಡುಕದವನಿಗೆ "ಯಾವುದೋ ಸ್ಯೂಡೋಮೋನಾಸ್, ಎಲ್ಲಿಂದಲೋ ಬಿದ್ದಿರಬೇಕು" ಎಂದು ಬದಿಗಿಡುವ ವಸ್ತು. ನಮ್ಮ ಕಾಲದ ಯಂತ್ರಗಳೂ ಇಲ್ಲಿ ಎಡವುತ್ತವೆ. ತಾನೇ ಗುರುತು ಹಚ್ಚುವ ಯಂತ್ರ ಇದನ್ನು ಅದರ ದಾಯಾದಿಯಾದ ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಅಥವಾ ನಿರುಪದ್ರವಿ ಥಾಯ್ಲೆಂಡೆನ್ಸಿಸ್ ಎಂದು ಕರೆದ ಪ್ರಸಂಗಗಳಿವೆ. ಯಂತ್ರಕ್ಕೆ ಕಲಿಸದ ಹೆಸರನ್ನು ಅದು ಹೇಳುವುದಾದರೂ ಹೇಗೆ?

ಚೆನ್ನಾಗಿರುವುದೇನೆಂದರೆ, ಅನುಮಾನ ಬಂದ ಮೇಲೆ ಇದನ್ನು ಹಿಡಿಯಲು ದೊಡ್ಡ ಖರ್ಚಿಲ್ಲ. ಆಕ್ಸಿಡೇಸ್ ಪರೀಕ್ಷೆ ಪಾಸಿಟಿವ್, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಬಿಲ್ಲೆಗಳ ಸುತ್ತ ಧಾರಾಳವಾಗಿ ಬೆಳೆಯುತ್ತದೆ, ಆಮಾಕ್ಸಿಸಿಲಿನ್-ಕ್ಲಾವುಲನೇಟ್ ಬಿಲ್ಲೆಯ ಸುತ್ತ ಸಾಯುತ್ತದೆ. ಈ ಮೂರು ಒಟ್ಟಿಗೆ ಕಂಡರೆ ಲ್ಯಾಬಿನವರ ಕಿವಿ ನೆಟ್ಟಗಾಗಬೇಕು. ಆಶ್‌ಡೌನ್ ಎಂಬ ಆಸ್ಟ್ರೇಲಿಯದವರು ಮಾಡಿದ ವಿಶೇಷ ತಟ್ಟೆಯಿದೆ, ಅದರಲ್ಲಿ ಜೆಂಟಾಮೈಸಿನ್ ಬೆರೆಸಿರುವುದರಿಂದ ಬೇರೆ ಕ್ರಿಮಿಗಳು ಬೆಳೆಯುವುದಿಲ್ಲ, ಇದು ಮಾತ್ರ ಕೆಲವು ದಿನಗಳಲ್ಲಿ ಒಣಗಿದ ನೇರಳೆ ಹೂವಿನಂತೆ ಸುಕ್ಕುಸುಕ್ಕಾಗಿ ಬೆಳೆಯುತ್ತದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಒಂದೇ ಒಂದು ಕಲ್ಚರ್ ನೆಗೆಟಿವ್ ಬಂತು ಎಂದು ಬಿಟ್ಟುಬಿಡುವಂತೆಯೂ ಇಲ್ಲ. ಕಾಯಿಲೆ ಇರುವವರಲ್ಲೂ ಸುಮಾರು 40 ಶೇಕಡಾದಷ್ಟು ಸಲ ಕಲ್ಚರ್ ಇದನ್ನು ತಪ್ಪಿಸಿಕೊಳ್ಳುತ್ತದೆ ಎಂಬ ಅಂದಾಜಿದೆ. ಅದಕ್ಕೇ ಅನುಭವಸ್ಥರು ಕೀಲಿನ ದ್ರವದ ಜೊತೆಗೆ ರಕ್ತ, ಮೂತ್ರ, ಕಫ, ಗಂಟಲು ಮತ್ತು ಗುದದ್ವಾರದ ಸ್ವಾಬ್ ಎಲ್ಲವನ್ನೂ ಕಳಿಸುತ್ತಾರೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಬೇರೆಡೆ ಕೀವುಗಂಟು ಇದೆಯೇ ಎಂದು ನೋಡುತ್ತಾರೆ. ಮಂಡಿ ನೋಯುವವನಿಗೆ ಹೊಟ್ಟೆಯ ಸ್ಕ್ಯಾನ್ ಯಾಕೆ ಎಂದು ಇನ್ಶೂರೆನ್ಸಿನವರು ಕೇಳಬಹುದು, ನೀವು ಮಾತ್ರ ಬೇಡ ಎನ್ನಬೇಡಿ.

ಲ್ಯಾಬಿಗೆ ಮುಂಚೆಯೇ ತಿಳಿಸುವುದಕ್ಕೆ ಇನ್ನೊಂದು ಕಾರಣವಿದೆ. ಅಮೆರಿಕದ ಸರ್ಕಾರ ಈ ರೋಗಾಣುವನ್ನು ಜೈವಿಕ ಅಸ್ತ್ರವಾಗಬಲ್ಲವುಗಳ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿಟ್ಟಿದೆ. ತೆರೆದ ಮೇಜಿನ ಮೇಲೆ ಇದನ್ನು ಮೂಸಿ ನೋಡಿದರೆ ಲ್ಯಾಬಿನವರಿಗೇ ತಗಲುವ ಅಪಾಯವುಂಟು. ಅನುಮಾನ ಬಂದ ಕೂಡಲೇ ಆಸ್ಪತ್ರೆಯ ಲ್ಯಾಬು ತಾನೇ ಹೆಚ್ಚು ಕೆದಕದೆ ರಾಜ್ಯದ ಲ್ಯಾಬಿಗೆ ಕಳಿಸಬೇಕು. ನಮ್ಮ ವರ್ಜೀನಿಯಾದ ಲ್ಯಾಬು ಇರುವುದು ರಿಚ್ಮಂಡ್‌ನಲ್ಲಿ. "ನಮ್ಮ ಯಜಮಾನ್ರು ಕರ್ನಾಟಕದ ಕರಾವಳಿಯಿಂದ ಈಗಷ್ಟೇ ಬಂದವರು, ಡಯಾಬಿಟಿಸ್ ಇದೆ, ಮೆಲಿಯಾಯ್ಡೋಸಿಸ್ ಇರಬಹುದೇ ಅಂತ ಲ್ಯಾಬಿಗೆ ಹೇಳ್ತೀರಾ ಡಾಕ್ಟ್ರೇ?" ಎಂದು ಅಕ್ಕ ಒಂದು ಮಾತು ಕೇಳಿದರೆ ಸಾಕು, ಎರಡು ಮೂರು ದಿನ ಉಳಿಯುತ್ತದೆ. ಹೆಸರನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ ಎಂದದ್ದು ಇದಕ್ಕೇ. ಇಲ್ಲಿನ ಡಾಕ್ಟರುಗಳು ಜಾಣರು, ಆದರೆ ಹೆಚ್ಚಿನವರು ತಮ್ಮ ಇಡೀ ವೃತ್ತಿಯಲ್ಲಿ ಈ ಕಾಯಿಲೆಯ ಒಬ್ಬ ರೋಗಿಯನ್ನೂ ಕಂಡಿರುವುದಿಲ್ಲ. ಉಡುಪಿಯ ಮಳೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು.

ಕೇಳಿದರೆ ನಕ್ಕಾರು ಎಂಬ ಸಂಕೋಚ ಬೇಡ. ನಮ್ಮ ಅಟ್ಲಾಂಟಾ ಕಡೆಯ ಓದುಗರಿಗೆ 2021ರ ಘಟನೆ ನೆನಪಿರಬಹುದು. ಆ ವರ್ಷ ಕ್ಯಾನ್ಸಸ್, ಮಿನೆಸೋಟ, ಟೆಕ್ಸಸ್ ಮತ್ತು ಜಾರ್ಜಿಯಾ ರಾಜ್ಯಗಳಲ್ಲಿ ಒಬ್ಬೊಬ್ಬರಂತೆ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಬಂತು. ಯಾರೂ ವಿದೇಶಕ್ಕೆ ಹೋದವರಲ್ಲ, ಒಬ್ಬರಿಗೊಬ್ಬರು ಪರಿಚಯವೂ ಇಲ್ಲ. ಆದರೆ ನಾಲ್ವರ ರೋಗಾಣುಗಳ ಜೀನುಗಳು ಒಂದೇ, ಮೂಲ ದಕ್ಷಿಣ ಏಷ್ಯಾದ್ದು ಎಂದು ತೋರುತ್ತಿತ್ತು. ಅಟ್ಲಾಂಟಾದ ಸಿ.ಡಿ.ಸಿ.ಯವರು ತಿಂಗಳುಗಟ್ಟಲೆ ರೋಗಿಗಳ ಮನೆಯ ಸಾಮಾನುಗಳನ್ನು ಪರೀಕ್ಷಿಸಿದರು. ಕೊನೆಗೆ ಅಕ್ಟೋಬರ್‌ನಲ್ಲಿ ಜಾರ್ಜಿಯಾದ ಮನೆಯೊಂದರ ಲ್ಯಾವೆಂಡರ್ ಪರಿಮಳದ ರೂಮ್ ಸ್ಪ್ರೇ ಬಾಟಲಿಯಲ್ಲಿ ಅದು ಸಿಕ್ಕಿತು. ಬಾಟಲಿ ತಯಾರಾದದ್ದು ಭಾರತದಲ್ಲಿ, ಮಾರಿದ್ದು ವಾಲ್‌ಮಾರ್ಟ್. ಸುಮಾರು 3,900 ಬಾಟಲಿಗಳನ್ನು ವಾಪಸು ಕರೆಸಿಕೊಂಡರು. ಅಷ್ಟರಲ್ಲಿ ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರು ಚಿಕ್ಕ ಮಗು. ಅದು ಕೀಲಿನ ಕಥೆಯಲ್ಲ ನಿಜ, ಆದರೆ ಹೆಸರು ಹೊಳೆಯುವುದು ತಡವಾದರೆ ಏನಾಗುತ್ತದೆ ಎನ್ನುವುದು ಅಲ್ಲಿ ಕಂಡಿತು. ಮರುವರ್ಷ, 2022ರ ಜುಲೈಯಲ್ಲಿ, ಮಿಸ್ಸಿಸಿಪ್ಪಿಯ ಕರಾವಳಿಯ ಮಣ್ಣು ಮತ್ತು ನೀರಿನಲ್ಲೇ ಈ ರೋಗಾಣು ಇರುವುದು ಗೊತ್ತಾಯಿತು. ಅಂದರೆ ಅಮೆರಿಕದ ಮುಖ್ಯ ಭೂಮಿಯಲ್ಲೂ ಇದಕ್ಕೆ ಮನೆಯಿದೆ.

ಇನ್ನು ಮದ್ದಿನ ವಿಷಯ. ಕೀಲಿನ ಸೋಂಕು ಎಂದು ಇಲ್ಲಿ ಮೊದಲು ಕೊಡುವುದು ಸಾಮಾನ್ಯವಾಗಿ ವ್ಯಾಂಕೊಮೈಸಿನ್ ಮತ್ತು ಸೆಫ್ಟ್ರಿಯಾಕ್ಸೋನ್. ವ್ಯಾಂಕೊಮೈಸಿನ್ ಈ ರೋಗಾಣುವನ್ನು ಮುಟ್ಟುವುದೇ ಇಲ್ಲ, ಸೆಫ್ಟ್ರಿಯಾಕ್ಸೋನ್ ಸಾಲದು. ಬೇಕಾದದ್ದು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್, ಅದೂ ರಕ್ತನಾಳದ ಮೂಲಕ. 1989ರಲ್ಲಿ ಥಾಯ್ಲೆಂಡ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹಳೆಯ ಮದ್ದುಗಳನ್ನು ಕೊಟ್ಟ ತೀವ್ರ ರೋಗಿಗಳಲ್ಲಿ 74 ಶೇಕಡಾ ಸತ್ತರೆ, ಸೆಫ್ಟಾಜಿಡೈಮ್ ಕೊಟ್ಟವರಲ್ಲಿ ಅದು 37ಕ್ಕೆ ಇಳಿಯಿತು. ಮದ್ದು ಒಂದನ್ನು ಬದಲಿಸಿದ್ದಕ್ಕೆ ಸಾವು ಅರ್ಧವಾಯಿತು! ಡಾರ್ವಿನ್‌ನಲ್ಲಿ 1989ರಿಂದ 30 ವರ್ಷ ನೋಡಿದ 1,148 ರೋಗಿಗಳಲ್ಲಿ ಸತ್ತವರು 12 ಶೇಕಡಾ. ಮೊದಲ ಐದು ವರ್ಷದಲ್ಲಿ 31 ಇದ್ದದ್ದು ಕೊನೆಯ ಐದು ವರ್ಷದಲ್ಲಿ 6ಕ್ಕೆ ಬಂತು. ಅಲ್ಲಿನ ಡಾಕ್ಟರುಗಳಿಗೆ ಬೇಗ ಅನುಮಾನ ಬರುತ್ತದೆ, ಒಳ್ಳೆಯ ಐ.ಸಿ.ಯು. ಇದೆ, ಇದಕ್ಕಿಂತ ಬೇರೆ ಪವಾಡ ಏನೂ ಇಲ್ಲ.

ಮದ್ದೊಂದೇ ಸಾಲದು, ಕೀಲನ್ನು ತೊಳೆಯಲೇಬೇಕು. ಮೂಳೆ ಡಾಕ್ಟರು ಸಣ್ಣ ತೂತು ಮಾಡಿ ಅಥವಾ ತೆರೆದು ಕೀವನ್ನೆಲ್ಲ ತೆಗೆಯುತ್ತಾರೆ, ಒಂದು ಸಲಕ್ಕೆ ಮುಗಿಯದೆ ಎರಡು ಮೂರು ಸಲವೂ ಬೇಕಾಗಬಹುದು. ಕೊನೆಯ ಸಲ ತೊಳೆದ ದಿನದಿಂದ ಲೆಕ್ಕ ಹಾಕಿ ಕನಿಷ್ಠ ನಾಲ್ಕು ವಾರ ಇಂಜೆಕ್ಷನ್, ಪಕ್ಕದ ಮೂಳೆಗೂ ಹರಡಿದ್ದರೆ ಆರು ವಾರ. ಅಷ್ಟೂ ದಿನ ಆಸ್ಪತ್ರೆಯಲ್ಲೇ ಇರಬೇಕೆಂದಿಲ್ಲ, ತೋಳಿನಲ್ಲಿ ಉದ್ದನೆಯ ನಳಿಕೆ ಇಟ್ಟು ಮನೆಯಲ್ಲೇ ಮದ್ದು ಹರಿಸುವ ವ್ಯವಸ್ಥೆ ಇಲ್ಲಿದೆ.

ಈ ಹಂತದಲ್ಲಿ ಮನೆಯವರು ಧೈರ್ಯಗೆಡುವುದು ಜ್ವರದಿಂದ. ಸರಿಯಾದ ಮದ್ದು ಬಿದ್ದರೂ ಜ್ವರ ಇಳಿಯಲು ಸುಮಾರು ಒಂಬತ್ತು ದಿನ ಹಿಡಿಯುತ್ತದೆ, ಒಳಗೆ ಕೀವುಗಂಟು ಉಳಿದಿದ್ದರೆ ಇನ್ನೂ ಹೆಚ್ಚು. "ಇಲ್ಲಿಯವರಿಗೆ ಗೊತ್ತಾಗ್ತಿಲ್ಲ, ವಿಮಾನ ಹತ್ತಿಸಿ ಊರಿಗೆ ಕರ್ಕೊಂಡು ಹೋಗೋಣ" ಎಂಬ ಮಾತು ಬರುವುದು ಐದನೆಯ ದಿನಕ್ಕೆ. ದಯವಿಟ್ಟು ಕಾಯಿರಿ.

ಇಂಜೆಕ್ಷನ್ ಮುಗಿದ ಮೇಲೆ ಮಾತ್ರೆಯ ಸರದಿ. ಕೋಟ್ರೈಮೊಕ್ಸಜೋಲ್, ಇಲ್ಲಿ ಬ್ಯಾಕ್ಟ್ರಿಮ್, ಊರಿನಲ್ಲಿ ಸೆಪ್ಟ್ರಾನ್ ಎಂದು ಕರೆಯುವ ಹಳೆಯ, ಅಗ್ಗದ ಮಾತ್ರೆ. ಇದನ್ನು ಕನಿಷ್ಠ ಮೂರು ತಿಂಗಳು, ಮೂಳೆ ಸೋಂಕಿದ್ದರೆ ಆರು ತಿಂಗಳು ನುಂಗಬೇಕು. ಇದರ ಜೊತೆ ಡಾಕ್ಸಿಸೈಕ್ಲಿನ್ ಕೂಡ ಕೊಡುತ್ತಿದ್ದರು, 2014ರಲ್ಲಿ ಪ್ರಕಟವಾದ ಥಾಯ್ಲೆಂಡ್‌ನ ಪ್ರಯೋಗದ ನಂತರ ಒಂದೇ ಸಾಕು ಎಂದಾಯಿತು. ಮಂಡಿ ನೋವು ಹೋಯಿತು, ಜ್ವರ ಇಲ್ಲ, ಇನ್ನೇಕೆ ಮಾತ್ರೆ ಎಂದು ಭಾವನವರು ಆರನೆಯ ವಾರ ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ಹೆಚ್ಚು. ನಮ್ಮ ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂದು ನನಗನ್ನಿಸುತ್ತದೆ, ನಮ್ಮಲ್ಲಿ ಗುಣವಾದ ಮೇಲೂ ಮದ್ದು ತಿನ್ನುವುದು ಒಂದು ಅವಮಾನ.

ಈ ಮಾತ್ರೆಯ ಕೆಲವು ತಕರಾರುಗಳೂ ಗೊತ್ತಿರಲಿ. ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಮೈಮೇಲೆ ದದ್ದು ಎದ್ದರೆ ಅದೇ ದಿನ ಫೋನ್ ಮಾಡಬೇಕು. ರಕ್ತದಲ್ಲಿ ಪೊಟ್ಯಾಷಿಯಂ ಏರಿಸುವ ಗುಣ ಇದಕ್ಕಿದೆ. ನಮ್ಮಲ್ಲಿ ಎಷ್ಟೋ ಜನ ಬಿ.ಪಿ.ಗೆ ನುಂಗುವ ಲೊಸಾರ್ಟನ್, ಟೆಲ್ಮಿಸಾರ್ಟನ್, ಲಿಸಿನೊಪ್ರಿಲ್‌ಗೂ ಅದೇ ಗುಣ. ಎರಡೂ ಸೇರಿದರೆ ಹೃದಯಕ್ಕೆ ಅಪಾಯ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯ ಜೊತೆ ಸೇರಿ ಸಕ್ಕರೆಯನ್ನು ತೀರಾ ಇಳಿಸಲೂಬಹುದು. ಆದ್ದರಿಂದ ಆಗಾಗ್ಗೆ ರಕ್ತಪರೀಕ್ಷೆ ತಪ್ಪಿಸಬಾರದು, ಮತ್ತು ಊರಿನಿಂದ ತಂದ ಮಾತ್ರೆಗಳ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಬೇಕು, ಕಷಾಯದ ಪುಡಿಯೂ ಸೇರಿ.

"ಹಾಗಾದರೆ ಮಕ್ಕಳನ್ನು ಗದ್ದೆಗೆ ಬಿಡಬಾರದೇ?" ಎಂದು ನೀವು ಕೇಳುತ್ತೀರಿ. ನನ್ನ ಅಭಿಪ್ರಾಯದಲ್ಲಿ ಗಾಯವಿಲ್ಲದ ಆರೋಗ್ಯವಂತ ಮಕ್ಕಳನ್ನು ಬಿಡಿ, ಆಟ ಮುಗಿದ ಮೇಲೆ ಅಜ್ಜಿ ಹೇಳುವ ಹಾಗೆ ಅಂಗಳದಲ್ಲೇ ಕೈಕಾಲು ತೊಳೆಸಿ, ನಂತರ ಸೋಪು ಹಾಕಿ ಸ್ನಾನ ಮಾಡಿಸಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ತಲಸ್ಸೇಮಿಯಾ ಇದ್ದವರು, ಹೆಚ್ಚು ಕುಡಿಯುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ತಿನ್ನುವವರು ಮಾತ್ರ ಮಳೆಗಾಲದ ಕೆಸರಿಗೆ ಇಳಿಯದಿರುವುದು ಒಳ್ಳೆಯದು, ಇಳಿಯಲೇಬೇಕಾದರೆ ಗಮ್‌ಬೂಟು ಹಾಕಿ, ಗಾಯಕ್ಕೆ ನೀರು ಹೋಗದ ಪಟ್ಟಿ ಅಂಟಿಸಿ. ಬಿರುಗಾಳಿ ಮಳೆ ಬಂದಾಗ ಹೊರಗೆ ನಿಂತು ವಿಡಿಯೋ ಮಾಡುವ ಬದಲು ಜಗಲಿಯಿಂದ ಒಳಗೆ ಬನ್ನಿ. ಕುದಿಸಿದ ನೀರು ಕುಡಿಯಿರಿ. ಇದಕ್ಕೆ ಲಸಿಕೆ ಇನ್ನೂ ಬಂದಿಲ್ಲ.

ಊರಿಂದ ಬಂದು ಎರಡು ತಿಂಗಳೊಳಗೆ ಜ್ವರದ ಜೊತೆ ಯಾವುದಾದರೂ ಕೀಲು ಊದಿದರೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ಊರಿಗೆ ಹೋಗಿದ್ದಿರಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಮಣ್ಣು ಕೆಸರು ಮುಟ್ಟಿದಿರೇ, ಗಾಯವಿತ್ತೇ, ಸಕ್ಕರೆ ಎಷ್ಟು, ಯಾವ ಆಂಟಿಬಯೋಟಿಕ್ ಈಗಾಗಲೇ ತಿಂದಿದ್ದೀರಿ. ಕೆಳಗೆ ಆ ಉದ್ದನೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿ ರೂಮಿನಲ್ಲಿ ನೋವಿನಿಂದ ನರಳುವಾಗ ಅದು ನಾಲಿಗೆಗೆ ಬರುವುದಿಲ್ಲ, ಚೀಟಿಯನ್ನು ನರ್ಸಿನ ಕೈಗೆ ಕೊಟ್ಟುಬಿಡಿ.